ಮುಖ ತೋರಿಸದ ಬಕ

ಪುಣೆಯ ನಮ್ಮ ಕಾಕಾನಷ್ಟು ಹಕ್ಕಿಗಳ ಬೆನ್ನು ನೋಡಿದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ! ಅವರ ಕಂಪ್ಯೂಟರಿನಲ್ಲಿ ಬೂದು ಬಕದ ಬೆನ್ನಿದೆ, ಬೆಳ್ಳಕ್ಕಿಯ ಬಾಲವಿದೆ, ಹಾರಿಹೋಗುತ್ತಿರುವ ಮೆಟ್ಟುಗಾಲು ಹಕ್ಕಿಯ ಎರಡು ಕೆಂಪು ಕಾಲುಗಳಿವೆ. ಮುಖ ಮಾತ್ರ ಒಂದೂ ಇಲ್ಲ.

ತಪ್ಪು ಕ್ಯಾಮೆರಾದ್ದಲ್ಲ, ಕಾಕಾನ ಗಂಟಲಿನದು. ಪೇಟೆಯಲ್ಲಿ ಮೂವತ್ತೈದು ವರ್ಷ ಸೀರೆ ಅಂಗಡಿ ನಡೆಸಿದವರು. ಅವರು ಒಳಗಿನಿಂದ "ಇಳಕಲ್ಲ ಸೀರಿ ತಗೀ" ಎಂದರೆ ಎದುರಿನ ಅಂಗಡಿಯವನೂ ಗಾಬರಿಯಾಗಿ ತೆಗೆಯುತ್ತಿದ್ದ! ಇಂಥವರಿಗೆ ಅಂಗಡಿ ಬಿಟ್ಟ ಮೇಲೆ ಹತ್ತಿದ ಹುಚ್ಚು ಯಾವುದು ಗೊತ್ತೇ? ಉಸಿರು ಬಿಗಿಹಿಡಿದು ಮಾಡಬೇಕಾದ ಹಕ್ಕಿ ಫೋಟೊಗ್ರಫಿ!

ಚಳಿಗಾಲ ಬಂತೆಂದರೆ ರವಿವಾರ ನಮ್ಮ ಕಾರು ಘಾಟು ಇಳಿದು ಕೊಂಕಣದ ಖಾಡಿ ಸೇರಲೇಬೇಕು. ಸಮುದ್ರದ ನೀರು ನುಗ್ಗಿ ಇಳಿಯುವ ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೇರು ಮೇಲೆತ್ತಿಕೊಂಡು ನಿಂತಿರುತ್ತವೆ, ನಡುನಡುವೆ ಬಕಗಳು. ಡ್ರೈವರು ನಾನು. ಹಿಂದಿನ ಸೀಟಿನಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಮತ್ತು ಚಹಾದ ಥರ್ಮಾಸು. ಕಾಕಾ ಪ್ಯಾಂಟು ಮೊಳಕಾಲಿಗೆ ಏರಿಸಿ, ಕೆಸರಿಗಿಳಿದು, ಒಂದು ತಾಸು ಕಂಬದಂತೆ ನಿಲ್ಲುತ್ತಾರೆ. ಬಕ ಹತ್ತಿರ ಬರುತ್ತದೆ. ಇನ್ನೇನು ಇತ್ತ ತಿರುಗಬೇಕು, ಆಗ ಕಾಕಾ ದಂಡೆಯ ಮೇಲಿನ ಕಾಕುವಿಗೆ ಸುದ್ದಿ ಮುಟ್ಟಿಸುತ್ತಾರೆ.

"ಏ, ಇಲ್ಲಿ ನೋಡ! ಬಂತು!"

ಹೋಯಿತು! ಅದರ ಹಿಂದೆ ಖಾಡಿಯ ಬೆಳ್ಳಕ್ಕಿಗಳೆಲ್ಲ ಹೋದವು.

"ಕಾಕಾ, ಸಾವಕಾಶ ಹೇಳ್ರಿ."

"ಸಾವಕಾಶನ ಹೇಳಿದ್ನಲ್ಲೋ!"

ಅಷ್ಟರಲ್ಲಿ ಆಚೆ ದಡದಲ್ಲಿ ಚಿಪ್ಪು ಆರಿಸುತ್ತಿದ್ದ ಹೆಂಗಸು, ತನ್ನನ್ನೇ ಕರೆದರೆಂದು "ಆಲೇ, ಆಲೇ" ಎಂದು ಮರಾಠಿಯಲ್ಲಿ ಬಂದೆ ಬಂದೆ ಎನ್ನುತ್ತ ಇತ್ತ ಹೊರಟೇಬಿಟ್ಟಿದ್ದಳು.

ಸೋತ ಕಾಕಾ ಗಿಡಗಳ ಕಡೆ ಹೊರಳಿದರು. "ಗಿಡ ಎಲ್ಲಿ ಹಾರಿ ಹೋಗತದ?" ಖರೆ. ಕಾಂಡ್ಲಾ ಹೂವಿನ ಫೋಟೊ ಭಾಳ ಚಂದ ಬಂತು. ಆದರೆ ಕಾಕಾನ ಕಾಲು ಕೆಸರಿನಿಂದ ಬರಲಿಲ್ಲ! ನಾನು ರಟ್ಟೆ ಹಿಡಿದು ಎಳೆದ ಮೇಲೆ ಕಾಕಾ ಬಂದರು, ಚಪ್ಪಲಿ ಬರಲಿಲ್ಲ. ಇಷ್ಟೊತ್ತಿಗೆ ಅವೂ ಬೇರು ಬಿಟ್ಟಿರಬೇಕು.

ಆದರೂ ಮನಸ್ಸಿನಲ್ಲಿ ಬಕವೇ. ಯಾಕೆಂದರೆ ಕಾಕು ಪಡಸಾಲೆಯ ಗೋಡೆಗೆ ಒಂದು ಖಾಲಿ ಚೌಕಟ್ಟು ತೂಗುಹಾಕಿದ್ದಾರೆ. "ಬಕದ ಮಾರಿ ಸಿಗೂತನಾ ಹಿಂಗ ಇರ್ಲಿ" ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಅದನ್ನು ತುಂಬಿಸಬೇಕೆಂಬುದೇ ಕಾಕಾನ ಹಟ.

ಇಷ್ಟೆಲ್ಲ ನಗಾಡಿದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ. ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಎರಡನೆಯ ವರ್ಷ ಜ್ವರ ಬಂದು ಕಾಕುವಿನ ಕಿವಿ ಮಂದವಾಯಿತು. ನಾಲ್ಕು ಮಂದಿಯ ಎದುರು ಆಕೆ "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳುವಂತಾಗಬಾರದೆಂದು ಕಾಕಾ ದನಿ ಏರಿಸಿದರು. ಆಮೇಲೆ ಇಳಿಸಲೇ ಇಲ್ಲ. ಕಿವಿಗೆ ಮಷೀನು ಹಾಕಿಸಿಕೊಳ್ಳಿರೆಂದರೆ ಕಾಕು, "ನಿಮ್ಮ ಕಾಕಾ ಇರೂತನಾ ನನಗ್ಯಾಕೋ?" ಎನ್ನುತ್ತಿದ್ದರು. ಈ ಸಂಕ್ರಾಂತಿಗೆ ಮಾತ್ರ ತಾವೇ ಹೋಗಿ ಹಾಕಿಸಿಕೊಂಡು ಬಂದರು.

ಮರುವಾರ ಖಾಡಿಗೆ ಹೋದೆವು. ಕಾಕಾ ಕ್ಯಾಮೆರಾ ಹಿಡಿದು ದಂಡೆಯ ಮೇಲೆ ಕಾಕುವಿನ ಪಕ್ಕದಲ್ಲೇ ಕೂತರು. ತುಟಿ ಬಿಚ್ಚಲಿಲ್ಲ. ಅರ್ಧ ತಾಸು! ಇಷ್ಟು ವರ್ಷಗಳ ಮೇಲೆ ಆಕೆ ಹಕ್ಕಿಗಳ ದನಿ ಕೇಳಲಿ ಎಂದು. ಬೂದು ಬಕವೊಂದು ಇಳಿದು, ನಮ್ಮ ಕಡೆಗೇ ಮುಖಮಾಡಿ ನಿಂತಿತು. ಕಾಕಾನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ಆಗ ಕಾಕು ಮೆಲ್ಲಗೆ ಅವರ ತೋಳು ಮುಟ್ಟಿದರು.

"ಯಾಕ ಸುಮ್ಮನ ಕೂತ್ರಿ? ಏನರೆ ಮಾತಾಡ್ರಿ. ಲಗ್ನಾದ ಹೊಸದಾಗ ಮಾತಾಡತಿದ್ರಲ್ಲ, ಆ ದನಿ ಕೇಳಬೇಕಂತನ ಇದನ್ನ ಹಾಕ್ಕೊಂಡೀನಿ."

ಕಾಕಾ ಬಾಯಿ ತೆರೆದರು. ನಾನು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆ. ಬಂದದ್ದು ನಾನು ಹುಟ್ಟಿದಾಗಿನಿಂದ ಕೇಳಿರದ ಒಂದು ಸಣ್ಣ ದನಿ.

"ಚಹಾ ಕುಡೀತಿಯೇನು?"

ಕಾಕು ಹ್ಞೂಂ ಎಂದು ಕಣ್ಣೊರೆಸಿಕೊಂಡರು. ನಾನು ಎತ್ತಿದ ಕೈ ಇಳಿಸಿದೆ.

ಬಕ ಹಾರಲಿಲ್ಲ. ಬಹಳ ಹೊತ್ತು ನಮ್ಮನ್ನೇ ನೋಡುತ್ತ ನಿಂತಿತ್ತು. ಕಾಕಾ ಕ್ಯಾಮೆರಾ ಹುಲ್ಲಿನ ಮೇಲಿಟ್ಟು ಚಹಾ ಬಗ್ಗಿಸುತ್ತಿದ್ದರು. ಚೌಕಟ್ಟು ಈಗಲೂ ಖಾಲಿ ಇದೆ.