ಪುಟ್ಟಿಯ ಬಾಟಲಿಗೆ ಕಾವಲು

ಇಡೀ ಶಿರಾ ತಾಲ್ಲೂಕಿನಲ್ಲೇ ಅತಿ ಶುದ್ಧವಾದ ಮೂತ್ರ ನನ್ನ ಮಗಳದ್ದೇ ಎಂದು ಸಾಬೀತು ಮಾಡಿಯೇ ತೀರುತ್ತೇನೆ! ಹಾಗಂತ ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಊಟ, ಗಾಳಿ, ನೀರಿನ ಜೊತೆ ದಿನವೂ ಎಷ್ಟು ಕೀಟನಾಶಕ ಮಕ್ಕಳ ಮೈ ಸೇರುತ್ತದೆ ಅಂತ ಮೂತ್ರ ಪರೀಕ್ಷೆ ಮಾಡಿ ಅಳೆಯುವ ತಂಡವೊಂದು ನಮ್ಮ ಬೀದಿಗೆ ಬಂದಿತ್ತು. ಆ ತಂಡದ ದಿವ್ಯ ಒಂದು ಬಾಟಲಿ ಕೊಟ್ಟು, "ಬೆಳಗಿನ ಮೊದಲನೇದು ಹಿಡೀರಿ ಮೇಡಂ. ನಾನು ಬರೋವರೆಗೂ ಫ್ರಿಜ್ಜಲ್ಲಿಡಿ" ಎಂದಳು. ನನಗೇನು ಭಯ? ಸೊಪ್ಪನ್ನು ಉಪ್ಪುನೀರಲ್ಲಿ ಮೂರು ಸಲ, ದ್ರಾಕ್ಷಿಯನ್ನು ಒಂದೊಂದಾಗಿ ತೊಳೆಯುವ ಮಹಾತಾಯಿ ನಾನು!

ಮೂರು ವರ್ಷದ ಪುಟ್ಟಿ ಬಾಟಲಿ ತುಂಬಿಸಿಕೊಟ್ಟಳು. ವೀರಮಾತೆಯಂತೆ ಅದನ್ನೆತ್ತಿಕೊಂಡು ಫ್ರಿಜ್ ತೆರೆದೆ. ಅತ್ತೆ ಸರೋಜಮ್ಮ ಅಡ್ಡ ನಿಂತರು.

"ಅಯ್ಯೋ ಶಿವನೇ! ದೇವ್ರ ಎಡೆಗಿಟ್ಟಿರೋ ಮೊಸ್ರಿನ ಪಕ್ಕ ಇದನ್ನ ಇಡ್ತೀಯೇನಮ್ಮಾ?"

"ಮುಚ್ಚಳ ಇದೆಯಲ್ಲ ಅತ್ತೆ!"

"ಮುಚ್ಚಳ ಇದ್ರೆ ಅದು ತೀರ್ಥ ಆಗ್ಬುಡ್ತದಾ? ತಗೊಂಡೋಗಿ ಹಿತ್ಲಾಗೆ ಇಟ್ಬುಡು."

ಹಿತ್ತಲ ತೊಟ್ಟಿಯ ನೆರಳಲ್ಲಿ, ಒದ್ದೆ ಬಟ್ಟೆ ಸುತ್ತಿ ಇಟ್ಟೆ. ಸಂಜೆ ದಿವ್ಯ ಬಂದು ಒಯ್ದಳು.

ಹದಿನೈದು ದಿನಕ್ಕೆ ಅವಳ ಫೋನ್. "ಮೇಡಂ, ನಿಮ್ಮ ಪಾಪುದು ತುಂಬಾ ಜಾಸ್ತಿ ಬಂದಿದೆ. ನಾಳೆ ಬರ್ತೀನಿ, ಮಾತಾಡೋಣ."

ಫೋನಿಟ್ಟವಳೇ ಅಡುಗೆಮನೆಗೆ ನುಗ್ಗಿದೆ. ದ್ರಾಕ್ಷಿ ತಿಪ್ಪೆಗೆ! ಟೊಮೆಟೊ ತಿಪ್ಪೆಗೆ! ಹೂಕೋಸು ತಿಪ್ಪೆಗೆ! ಆಡುತ್ತಿದ್ದ ಪುಟ್ಟಿಯನ್ನು ಹಿಡಿದು ನಾಲಿಗೆ, ಕಣ್ಣು, ಉಗುರು ಎಲ್ಲ ನೋಡಿದೆ. "ಬಿಡಮ್ಮಾ, ಕಚಗುಳಿ!" ಎಂದು ಅವಳು ನಕ್ಕರೆ, ನನ್ನ ಕಣ್ಣಲ್ಲಿ ನೀರು. ಕಡಲೆಕಾಯಿ ಮಂಡಿಯಿಂದ ಬಂದ ಗಂಡ ಹಾಲೇಶ್ ಮೇಲೆ ಹರಿಹಾಯ್ದೆ.

"ರೀ, ನಿಮ್ಮ ಕಡ್ಲೆಕಾಯಿ ಚೀಲದ ಧೂಳೇ ಇದಕ್ಕೆಲ್ಲ ಕಾರಣ! ಕೈ ತೊಳೀದೆ ಮಗೂನ ಎತ್ಕೊಳ್ತೀರಿ!"

"ಲೇ ಚೈತ್ರ, ಅದಿರ್ಲಿ. ಈಗ ನಾನು ಏನು ತಿನ್ಲಿ? ಮನೇಲಿ ಉಳಿದಿರೋದು ಉಪ್ಪೊಂದೇ!"

ಮರುದಿನ ದಿವ್ಯ ಬಂದಳು. "ಕೀಟನಾಶಕ ಮೈಯೊಳಗೆ ಹೋಗಿ ಬಂದಿದ್ರೆ ರೂಪ ಬದಲಾಗಿರುತ್ತೆ ಮೇಡಂ. ಅಂಥದ್ದು ಇದರಲ್ಲಿ ಸ್ವಲ್ಪವೇ ಇದೆ, ಈ ಬೀದಿಯ ಎಲ್ಲ ಮಕ್ಕಳಿಗೂ ಇರೋವಷ್ಟು. ಮಿಕ್ಕಿದ್ದು ರೂಪವೇ ಬದಲಾಗಿಲ್ಲ, ನೇರವಾಗಿ ಬಾಟಲಿಗೇ ಬಿದ್ದ ಹಾಗಿದೆ! ಎಲ್ಲಿಟ್ಟಿದ್ರಿ?"

"ಹಿತ್ತಲಲ್ಲಿ... ಇರುವೆ ಮುತ್ತಿದ್ವು. ಮಗೂಗೆ ಸಕ್ಕರೆ ಕಾಯಿಲೆಯೇನೋ ಅಂತ ಗಾಬರಿ ಆಯ್ತು. ಸುತ್ತಲೂ ಇರುವೆ ಸಾಯಿಸೋ ಪುಡಿ ಉದುರಿಸಿದೆ."

"ಆಮೇಲೆ?"

"ಒಳಗೂ ಹೋಗಿದಾವೇನೋ ಅಂತ... ಅದೇ ಕೈಲಿ ಮುಚ್ಚಳ ತೆಗೆದು ನೋಡಿದೆ."

ಹಾಲೇಶ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದಿವ್ಯ ಎರಡು ಹೊಸ ಬಾಟಲಿ ಮುಂದಿಟ್ಟಳು.

"ಒಂದು ಪಾಪುಗೆ. ಇನ್ನೊಂದು, ಬರಿಗೈಲಿ ಪುಡಿ ಉದುರಿಸಿದೋರಿಗೆ! ನಾಳೆ ಬೆಳಿಗ್ಗೆ ನಾನೇ ಬಂದು ನಿಂತ್ಕೊಂಡು ತಗೊಂಡ್ಹೋಗ್ತೀನಿ."

ಮರುದಿನ ಬೆಳಿಗ್ಗೆ ಪುಟ್ಟಿ ಎರಡೇ ನಿಮಿಷದಲ್ಲಿ ತುಂಬಿಸಿಕೊಟ್ಟಳು. ನಾನು ಬಚ್ಚಲು ಸೇರಿ ಅರ್ಧ ಗಂಟೆಯಾದರೂ, ಗಾಬರಿಗೆ ಒಂದು ಹನಿಯೂ ಇಲ್ಲ! ಹೊರಗೆ ದಿವ್ಯ, ಅತ್ತೆ, ಗಂಡ ಸಾಲಾಗಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ಬಾಗಿಲ ಸಂದಿಗೆ ಒಂದು ಪುಟ್ಟ ಬಾಯಿ ಬಂತು.

"ಅಮ್ಮಾ, ಹೆದರ್ಬೇಡ, ನಾನಿದ್ದೀನಿ. ಸ್ಸ್ಸ್ಸ್ಸ್..."