ಮಾವನಿಗೆ ಯುಡೈಮೋನಿಯಾ

ನಾನು ಬಾಯಿ ಬಿಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ದಾವಣಗೆರೆಯ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿಕೊಡುವವನು ನಾನು. ಹರಿಹರದ ನನ್ನ ಮಾವನವರಿಗೆ ಅದು ಕೆಲಸವೇ ಅಲ್ಲ. ಯಾರಾದರೂ ಕೇಳಿದರೆ "ಅಳಿಯಂದ್ರು ಕಾಲೇಜಿಗೆ ಹೋಗಿ ಬರ್ತಾರೆ" ಎಂದಷ್ಟೇ ಹೇಳುತ್ತಾರೆ. ಒಮ್ಮೆಯಾದರೂ ಅವರ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ.

ತರಗತಿಯಲ್ಲಿ

ಯುಡೈಮೋನಿಯಾ ಎಂಬ ಗ್ರೀಕ್ ಪದದ ಮೇಲೆ ನನಗೆ ಬಲು ಪ್ರೀತಿ. ಅದು ಬರೀ ಸುಖವಲ್ಲ, ಮನುಷ್ಯ ತನ್ನೊಳಗಿನ ಒಳ್ಳೆಯದನ್ನೆಲ್ಲ ಬಳಸಿ ತುಂಬು ಬಾಳು ಬಾಳುವುದು ಎಂದು ಒಂದು ಇಡೀ ಪೀರಿಯಡ್ ವಿವರಿಸಿದೆ. ಹಾಗೆ ಬಾಳುತ್ತಿರುವ ಒಬ್ಬರ ಹೆಸರು ಹೇಳಿ ಎಂದು ಕೇಳಿ, ಕಾಲರ್ ಸರಿಮಾಡಿಕೊಂಡು ನಿಂತೆ. ಆವರಗೆರೆಯಿಂದ ಬರುವ ಹುಡುಗಿಯೊಬ್ಬಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತುಂಬ ಸಂಕೋಚದಿಂದ ಕೇಳಿದಳು: "ಕಾಲೇಜಿನ ಹೊರಗಿನವ್ರ ಹೆಸರು ಹೇಳಬಹುದಾ ಸರ್?"

ಮನೆಯಲ್ಲಿ

ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಸೋಫಾದ ಮೇಲೆ ಕಾಲು ಚಾಚಿಕೊಂಡು ಹೆಂಡತಿಗೂ ಅದನ್ನೇ ಹೇಳಿದೆ. ಯುಡೈಮೋನಿಯಾ ಅಂದರೆ ಮನಸ್ಸಿನ ಸ್ಥಿತಿಯಲ್ಲ, ದಿನವೂ ಮಾಡುವ ಕ್ರಿಯೆ ಅಂದೆ. ಅವಳು ಪೂರ್ತಿ ಒಪ್ಪಿಕೊಂಡಳು. ನನಗೆ ಖುಷಿಯೋ ಖುಷಿ. "ಹಂಗಾದ್ರೆ ನಲ್ಲಿ ನೀರು ಬಂದೈತೆ, ಎದ್ದು ಕ್ರಿಯೆ ಮಾಡ್ರಿ" ಎಂದು ಕೊಡ ಕೈಗಿಟ್ಟಳು.

ಹರಿಹರದಲ್ಲಿ

ಮಾವನವರಿಗೆ ಹರಿಹರದ ವರ್ತಕರು ಸನ್ಮಾನ ಇಟ್ಟುಕೊಂಡಿದ್ದರು. ಭಾಷಣ ಮಾಡಬೇಕಾದವರು ಬರಲಿಲ್ಲ, ಮೈಕು ನನ್ನ ಕೈಗೆ ಬಂತು. ಪೇಟ ಸುತ್ತಿಸಿಕೊಂಡು, ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮಾವ ಕೂತಿದ್ದರು. ಭೇಷ್ ಅನ್ನಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದೆಂದು ಯುಡೈಮೋನಿಯಾ ಶುರುಮಾಡಿದೆ. ಒಬ್ಬ ಮನುಷ್ಯ ಚೆನ್ನಾಗಿ ಬಾಳಿದ ಎಂದು ನಡುವೆ ಹೇಳಲು ಬರುವುದಿಲ್ಲ, ಬಾಳು ಪೂರ್ತಿ ಮುಗಿದ ಮೇಲೆಯೇ ತೀರ್ಮಾನಿಸಬೇಕು ಅನ್ನುತ್ತಿದ್ದರು ಗ್ರೀಕರು ಎಂದೆ. ಸಭೆ ಗಪ್‌ಚಿಪ್. ಜನ ತಲ್ಲೀನರಾಗಿದ್ದಾರೆಂದು ತಿಳಿದು ಅದನ್ನೇ ಇನ್ನೊಂದು ಸಲ ಒತ್ತಿ ಹೇಳಿದೆ.

ಮಾವ ತಲೆದೂಗಿದರು. "ಈಗ ತಿಳೀತು ನೋಡ್ರಿ, ನಮ್ಮ ಅಳಿಯಂದ್ರು ಏನ್ ಕಲಿಸ್ತಾರಂತ" ಎಂದರು. ನನ್ನ ಎದೆ ಉಬ್ಬಿತು.

ಅವರು ನಿಧಾನವಾಗಿ ಶಾಲು ತೆಗೆದು, ಮಡಿಚಿ, ಸನ್ಮಾನ ಮಾಡಿದವರ ಕೈಗೇ ಕೊಟ್ಟರು.

"ಇದನ್ನ ಎತ್ತಿಡ್ರಿ. ನಾನು ಹೋದ ಮ್ಯಾಲೆ ಫೋಟೋಕ್ಕೆ ಹೊದಿಸೀರಂತೆ. ಹಣ್ಣು ಅಲ್ಲೀತನ್ಕ ತಡೆಯಲ್ಲ, ಅದನ್ನ ಮನಿಗೆ ಒಯ್ತೀನಿ."