ಅವಳು ‘ಬಿಡಿ’ ಅಂದಳು, ನಾನು ಬಿಟ್ಟೆ

ತಪ್ಪು ನನ್ನದಲ್ಲ, ಭಾಷೆಯದು. ಇದನ್ನು ನಾನು ಹೇಳಿಕೆಯಲ್ಲೂ ಬರೆದಿದ್ದೆ. ನನ್ನ ಹೆಂಡತಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು.

ನನ್ನದು ಕನ್ನಡಕದ ಅಂಗಡಿ. ಊರವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, “ಈಗ ಕಾಣುತ್ತಾ? ಈಗ?” ಎಂದು ಕೇಳುವುದು ನನ್ನ ಕಸುಬು. ಹೆಂಡತಿ ಪುರಸಭೆಯಲ್ಲಿ ಮೈದಾನ ಮತ್ತು ಪಾರ್ಕುಗಳ ವಿಭಾಗದ ಅಧಿಕಾರಿ. (ಮನೆಯ ವಿಭಾಗವೂ ಅವಳದೇ, ಅದಕ್ಕೆ ಆದೇಶಪತ್ರ ಬೇಕಾಗಿಲ್ಲ.) ಸಾರ್ವಜನಿಕ ಜಾಗದ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆಯುವವರಿಗೆ ಪರವಾನಗಿ ಕೊಡುವುದು, ಅಂದರೆ ಮುಖ್ಯವಾಗಿ ಕೊಡದಿರುವುದು, ಅವಳ ಮೇಜಿನ ಕೆಲಸ. ಅಂಥವಳ ಗಂಡ ಡ್ರೋನ್ ಕೊಂಡದ್ದು ಧೈರ್ಯವೋ ದಡ್ಡತನವೋ ನೀವೇ ಹೇಳಿ.

ಕೊಂಡದ್ದು ಮಗಳಿಗಾಗಿ. ನಾನೂರು ಮೀಟರ್ ಓಟದಲ್ಲಿ ಅವಳು ಮೊದಲ ಸಲ ಫೈನಲ್ ತಲುಪಿದ್ದಳು. ಎರಡು ವರ್ಷ ನಸುಕಿನಲ್ಲೆದ್ದು ಓಡಿದ ಹುಡುಗಿ ಕಪ್ ಇಡಲು ಕಪಾಟಿನಲ್ಲಿ ಜಾಗ ಖಾಲಿ ಮಾಡಿಟ್ಟಿದ್ದಳು. ಈ ಐತಿಹಾಸಿಕ ಘಟನೆಯನ್ನು ಆಕಾಶಮಾರ್ಗದಿಂದ ಸೆರೆಹಿಡಿಯಬೇಕೆಂದು ನನ್ನ ಮಹದಾಸೆ. ಓಟಕ್ಕೆ ಎರಡು ದಿನ ಮೊದಲು ಹೆಂಡತಿಯ ಮುಂದೆ ಮೆಲ್ಲಗೆ ವಿಷಯ ತೆಗೆದೆ.

“ಜನರ ತಲೆ ಮೇಲೆ ಹಾರಿಸೋ ಹಾಗಿಲ್ಲ,” ಅಂದಳು, ಕಡತದಿಂದ ತಲೆಯೆತ್ತದೆ.

“ಪಕ್ಕದಿಂದ?”

“ಯಾವಾಗ್ಲೂ ಕಣ್ಣಿಗೆ ಕಾಣೋ ಹಾಗೆ ಇರ್ಬೇಕು. ಏಳು ದಿನ ಮೊದಲು ಅರ್ಜಿ ಹಾಕ್ಬೇಕು.”

“ಓಟ ನಾಡಿದ್ದು ಕಣೇ! ಮನೆಯವನಿಗೆ ಒಂದು ರಿಯಾಯಿತಿ ಬೇಡ್ವಾ?”

“ಮನೆಯವರಿಗೆ ಇನ್ನೂ ಬಿಗಿ. ನಾನು ಬರೆದ ನಿಯಮ ನನ್ನ ಗಂಡನೇ ಮುರಿದ ಅಂತ ಆಫೀಸಲ್ಲಿ ಮುಖ ತೋರಿಸೋದು ಹೇಗ್ರೀ?”

“ಹಾಗಾದ್ರೆ ನಾನೇನ್ ಮಾಡ್ಲಿ, ಹೇಳು.”

“ಅಯ್ಯೋ, ಬಿಡೀಂದ್ರೆ!”

ಓದುಗ ಮಹಾಶಯರೇ, ಗಮನಿಸಿ. ಗಾಳಿಪಟ ಬಿಡುತ್ತೇವೆ. ರಾಕೆಟ್ ಬಿಡುತ್ತೇವೆ. ನಾನು ಗೆಳೆಯರ ನಡುವೆ ಬುರುಡೆ ಬಿಡುತ್ತೇನೆ. ಬಿಡುವುದೆಂದರೆ ಮೇಲಕ್ಕೆ ಕಳಿಸುವುದು. ಕೈಬಿಡುವುದು ಎಂಬ ಇನ್ನೊಂದು ಅರ್ಥವಿರುವುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. (ಹೊಳೆಯದ ಹಾಗೆ ನೋಡಿಕೊಂಡೆ ಎಂಬುದು ಮಗಳ ವಾದ.)

ಭಾನುವಾರ ಮೈದಾನದ ಗೇಟಿನಲ್ಲಿ ಕಾವಲುಗಾರ ಚೀಲ ನೋಡಿ ತಡೆದ. “ಪರವಾನಗಿ ಎಲ್ಲಿ ಸಾರ್?”

“ಪರವಾನಗಿ ಕೊಡೋ ಮೇಡಮ್ಮೇ ಬಿಡಿ ಅಂದಿದ್ದಾರಪ್ಪ.”

ಅವನು ಅದನ್ನು ‘ಒಳಗೆ ಬಿಡಿ’ ಎಂದು ತಿಳಿದುಕೊಂಡು ನನ್ನನ್ನು ಒಳಗೆ ಬಿಟ್ಟ. ಭಾಷೆ ಅವನಿಗೂ ಕೈಕೊಟ್ಟಿತು ನೋಡಿ.

ಕೊನೆಯ ತಿರುವಿನ ಪಕ್ಕದ ಹುಲ್ಲಿನ ಮೇಲಿಂದ ನನ್ನ ಪುಷ್ಪಕ ವಿಮಾನ ಗುಂಯ್ಯೆಂದು ಎದ್ದಿತು. ಸೀಟಿ ಊದಿದರು. ಆರು ಹುಡುಗಿಯರು ಓಡಿದರು. ನಾನು ಮೊಬೈಲಿನ ಪರದೆಗೆ ಮೂಗು ತಗುಲಿಸಿ ನಿಂತೆ. ಅರ್ಧ ದಾರಿಯಲ್ಲೇ ಮಗಳ ನೀಲಿ ಅಂಗಿ ಎಲ್ಲರಿಗಿಂತ ಮುಂದಿತ್ತು. “ಶಭಾಷ್!” ಎಂದು ಕೂಗುತ್ತಿರುವಾಗಲೇ ಪರದೆ ಕಪ್ಪಾಯಿತು.

ತಲೆಯೆತ್ತಿದೆ. ಎದುರಿಗೆ ಸೂರ್ಯ. ಡ್ರೋನ್ ಈಗ ಕಾಣುತ್ತಾ? ಇಲ್ಲ. ಈಗ? ಇಲ್ಲ. ಗಾಬರಿಯಲ್ಲಿ ‘ಹಿಂದಿರುಗು’ ಗುಂಡಿ ಒತ್ತಿದೆ. ಅದು ಗಾಳಿಗೆ ಓಲಾಡುತ್ತಾ ಬಂದು, ನನ್ನ ಹುಲ್ಲನ್ನು ಬಿಟ್ಟು, ನೇರ ಓಟದ ಹಾದಿಯ ಮೇಲೆ ಇಳಿಯತೊಡಗಿತು. ಮಗಳು ಕಿರುಚಿ ಬಗ್ಗಿದಳು. ಹಿಂದಿನವರು ಚೆಲ್ಲಾಪಿಲ್ಲಿಯಾದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಂದು ಗೇಣು ಆಚೀಚೆ ಆಗಿದ್ದರೆ ಆ ತಿರುಗುವ ರೆಕ್ಕೆ ಯಾವ ಮಗುವಿನ ಮುಖಕ್ಕೆ ಬಡಿಯುತ್ತಿತ್ತೋ!

ತೀರ್ಪುಗಾರರು ಓಟ ರದ್ದು ಮಾಡಿ, ಅರ್ಧ ಗಂಟೆಯ ನಂತರ ಮತ್ತೆ ಓಡಬೇಕೆಂದು ಸಾರಿದರು. ನನ್ನನ್ನು ನೋಡಿ ಇನ್ನೂ ಏನೇನೋ ಅಂದರು. ಅದು ಇಲ್ಲಿ ಬೇಡ. ಅಷ್ಟರಲ್ಲಿ ಪ್ರೇಕ್ಷಕರ ಸಾಲಿನಲ್ಲಿದ್ದ ಹೆಂಡತಿ ಮೆಟ್ಟಿಲಿಳಿದು ನಿಧಾನವಾಗಿ ನಡೆದು ಬಂದಳು. ಅವಳು ದುಡುದುಡು ಬಂದರೆ ಬರೀ ಬೈಗುಳ. ನಿಧಾನವಾಗಿ ಬಂದರೆ ನನ್ನ ಕಥೆ ಮುಗಿದಂತೆ.

ಮೈದಾನದ ಆಫೀಸು ಕೋಣೆಯಲ್ಲಿ ಡ್ರೋನನ್ನು ಚೀಲಕ್ಕೆ ಹಾಕಿ, ದಾರ ಬಿಗಿದು, ಅರಗಿನ ಮುದ್ರೆ ಒತ್ತಿದಳು. ನನ್ನ ಮುಂದೆ ಕಾಗದ ಇಟ್ಟಳು.

“ಯಾರ ಅಪ್ಪಣೆ ಮೇಲೆ ಹಾರಿಸಿದ್ರಿ?”

“ನೀನೇ ಬಿಡಿ ಅಂದ್ಯಲ್ಲೇ!”

“ಆ ಹುಚ್ಚು ಬಿಡಿ ಅಂದೆ ಕಣ್ರೀ!” ಅವಳು ಪೆನ್ನನ್ನು ಕಾಗದದ ಮೇಲೆ ಕುಕ್ಕಿದಳು. “ಮಗು ಕಾಲು ನಡುಗ್ತಾ ಇದೆ ಅಲ್ಲಿ. ನಾನು ಓಟ ನೋಡಿ ಬರ್ತೀನಿ. ಅಷ್ಟರಲ್ಲಿ ಬರೆದಿಡಿ.”

ಆ ಕೋಣೆಯ ಕಿಟಕಿ ರಸ್ತೆಯ ಕಡೆಗಿತ್ತು. ಸೀಟಿ ಕೇಳಿತು. ಕೂಗಾಟ ಕೇಳಿತು. ಆಮೇಲೆ ಗದ್ದಲ, ವಾಗ್ವಾದ. ಸ್ವಲ್ಪ ಹೊತ್ತಿಗೆ ತೀರ್ಪುಗಾರರೇ ಏದುಸಿರು ಬಿಡುತ್ತಾ ಓಡಿ ಬಂದರು. ಹಿಂದೆ ಹೆಂಡತಿ, ಮಗಳು.

“ಸ್ವಾಮಿ, ನಿಮ್ಮ ಮಗಳು, ಇನ್ನೊಂದು ಹುಡುಗಿ, ಇಬ್ಬರೂ ಒಟ್ಟಿಗೇ ಗೆರೆ ಮುಟ್ಟಿಬಿಟ್ರು. ಯಾರು ಮುಂದೆ ಅಂತ ಗೊತ್ತಾಗ್ತಿಲ್ಲ. ಮೇಲಿಂದ ತೆಗೆದ ವಿಡಿಯೋ ಏನಾದ್ರೂ ಇದ್ಯಾ?”

ನನ್ನ ಎದೆ ಉಬ್ಬಿತು. ಮೇಜಿನ ಕೆಳಗಿದ್ದ ಚೀಲದ ಕಡೆ ರಾಜಗಾಂಭೀರ್ಯದಿಂದ ಕೈ ತೋರಿದೆ. “ಹೇಗಿರುತ್ತೆ ಸ್ವಾಮಿ? ಇವಳು ಮುದ್ರೆ ಒತ್ತಿ ಇಟ್ಟಿದ್ದಾಳಲ್ಲ!”

ಅವರು ಹಣೆ ಚಚ್ಚಿಕೊಂಡು ಇಬ್ಬರಿಗೂ ಮೊದಲ ಸ್ಥಾನ ಎಂದುಬಿಟ್ಟರು. ಕಪ್ ಆರು ತಿಂಗಳು ಆ ಹುಡುಗಿಯ ಮನೆಯಲ್ಲಿ, ಆಮೇಲೆ ಆರು ತಿಂಗಳು ನಮ್ಮಲ್ಲಿ.

“ನೋಡಿದ್ಯಾ?” ಎಂದೆ ಹೆಂಡತಿಗೆ. “ಒಂದು ಡ್ರೋನ್ ಮೇಲಿದ್ದಿದ್ರೆ ಇಷ್ಟೆಲ್ಲಾ ರಾಮಾಯಣ ಆಗ್ತಿತ್ತಾ?”

ಮಗಳು ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು.

“ಅಪ್ಪಾ, ಮೊದಲನೇ ಸಲ ನಾನು ಹತ್ತು ಹೆಜ್ಜೆ ಮುಂದಿದ್ದೆ. ಆವಾಗ ಯಾರಿಗೂ ವಿಡಿಯೋ ಬೇಕಾಗ್ತಾನೇ ಇರ್ಲಿಲ್ಲ.”

ನಾನು ಪೆನ್ನು ತೆಗೆದುಕೊಂಡು ಹೇಳಿಕೆಯ ಕೆಳಗೆ ಸಹಿ ಹಾಕಿದೆ.

“ತಾರೀಖೂ ಹಾಕಿ,” ಅಂದಳು ಹೆಂಡತಿ.